ಇಪ್ಪತ್ತೊಂದನೇ ವಿಧಿ ಮತ್ತು ಅಕ್ಷರದ ಓದು

ನಮ್ಮ ಸಂವಿಧಾನದ 21ನೇ ವಿಧಿ ಒಂದೇ ಒಂದು ವಾಕ್ಯ. ಕಾನೂನು ಗೊತ್ತುಮಾಡಿದ ಕ್ರಮವನ್ನು ಅನುಸರಿಸದೆ ಯಾರ ಜೀವವನ್ನಾಗಲಿ, ವೈಯಕ್ತಿಕ ಸ್ವಾತಂತ್ರ್ಯವನ್ನಾಗಲಿ ಕಿತ್ತುಕೊಳ್ಳುವಂತಿಲ್ಲ. ಅಷ್ಟೇ. ಅದಕ್ಕೆ ಉಪವಿಧಿಗಳಿಲ್ಲ, ವಿವರಣೆ ಇಲ್ಲ.

ಈ ವಾಕ್ಯವನ್ನು ಇದ್ದ ಹಾಗೇ ಓದಿದರೆ ಸಿಗುವ ಅರ್ಥ ಹೀಗೆ. ಸರ್ಕಾರ ಒಬ್ಬರನ್ನು ಜೈಲಿಗೆ ಹಾಕಬೇಕಾದರೆ ಒಂದು ಕಾನೂನು ಇರಬೇಕು. ಆ ಕಾನೂನಿನಲ್ಲಿ ಏನೋ ಒಂದು ಕ್ರಮ ಬರೆದಿರಬೇಕು. ಅದನ್ನು ಪಾಲಿಸಿದರೆ ಮುಗಿಯಿತು. ಆ ಕಾನೂನು ಎಂಥದ್ದು, ಆ ಕ್ರಮದಲ್ಲಿ ನ್ಯಾಯ ಇದೆಯಾ ಎಂದು ಕೇಳುವ ಹಾಗಿಲ್ಲ. ಯಾಕೆಂದರೆ ವಾಕ್ಯದಲ್ಲಿ ‘ನ್ಯಾಯವಾದ’ ಎಂಬ ಮಾತೇ ಇಲ್ಲ.

ಇನ್ನೊಂದು ಓದೂ ಇದೆ. ಜೀವ ಮತ್ತು ಸ್ವಾತಂತ್ರ್ಯವನ್ನು ಕಾಪಾಡುವುದಕ್ಕೆ ಅಂತಲೇ ಬರೆದ ವಾಕ್ಯ ಇದು. ಹಾಗಿದ್ದಮೇಲೆ ಸರ್ಕಾರ ಬಾಯಿಗೆ ಬಂದಂತೆ ಹೇಳಿದ ಯಾವುದೋ ಕ್ರಮವನ್ನು ‘ಕ್ರಮ’ ಎಂದು ಒಪ್ಪಿಕೊಂಡರೆ ವಾಕ್ಯ ಬರೆದದ್ದೇ ವ್ಯರ್ಥ, ಅಲ್ವಾ?

ನಾನು ಕಾನೂನು ಓದಿದವನಲ್ಲ. ಆದರೆ ಕೆಲವು ವರ್ಷಗಳಿಂದ ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು, ಹಳೆಯ ತೀರ್ಪುಗಳನ್ನು ಹುಡುಕಿ ಓದುವುದು ನನ್ನ ರೂಢಿ. ಮಾತನ್ನು ಅಕ್ಷರಶಃ ಹಿಡಿಯುವುದು ಅಂದಾಗ ನನಗೆ ಮೊದಲು ನೆನಪಾಗುವುದು ಈ ವಾಕ್ಯ. ಇದು ಪಂಡಿತರ ಜಗಳ ಅಲ್ಲ. ಇದನ್ನು ಹೇಗೆ ಓದಿದರು ಎಂಬುದರ ಮೇಲೆ ಸಾವಿರಾರು ಜನ ಜೈಲಿನಲ್ಲಿ ಉಳಿದಿದ್ದಾರೆ, ಹೊರಗೆ ಬಂದಿದ್ದಾರೆ. ಈ ಕಥೆಯಲ್ಲಿ ನಮ್ಮ ನಾಡಿನವರೂ ಮತ್ತೆ ಮತ್ತೆ ಬರುತ್ತಾರೆ.

ಮೊದಲನೆಯವರು ಬೆನಗಲ್ ನರಸಿಂಗ ರಾವ್. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ರಾಮರಾವ್, ಪತ್ರಕರ್ತ ಶಿವರಾವ್ ಇವರ ಅಣ್ಣ ತಮ್ಮಂದಿರು. ನರಸಿಂಗ ರಾವ್ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದರು. ಕರಡಿನ ಮೊದಲ ರೂಪ ಸಿದ್ಧಮಾಡಿದ್ದು ಅವರೇ. ಆಗ ಈ ವಿಧಿಯಲ್ಲಿ ಅಮೆರಿಕದ ಸಂವಿಧಾನದಲ್ಲಿರುವ ‘ಡ್ಯೂ ಪ್ರೋಸೆಸ್’ ಎಂಬ ಮಾತು ಇತ್ತು. ಸರ್ಕಾರ ಮಾಡಿದ ಕಾನೂನು ನ್ಯಾಯವಾಗಿದೆಯೇ ಎಂದು ಕೋರ್ಟು ನೋಡಬಹುದು ಎಂಬ ಅರ್ಥ ಅದರೊಳಗೆ ಬರುತ್ತಿತ್ತು.

1947ರ ಕೊನೆಯಲ್ಲಿ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ನ್ಯಾಯಾಧೀಶರನ್ನು ಮಾತಾಡಿಸಿ ಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶ ಫೆಲಿಕ್ಸ್ ಫ್ರಾಂಕ್‌ಫರ್ಟರ್ ರಾವ್‌ಗೆ ಕೊಟ್ಟ ಸಲಹೆ ನೇರವಾಗಿತ್ತು. ಈ ಮಾತನ್ನು ಇಟ್ಟುಕೊಳ್ಳಬೇಡಿ, ಜನ ಆರಿಸಿದ ಶಾಸನಸಭೆ ಮಾಡಿದ್ದನ್ನು ಬೆರಳೆಣಿಕೆಯ ನ್ಯಾಯಾಧೀಶರು ಹೊಡೆದುಹಾಕುವುದಕ್ಕೆ ಇದು ದಾರಿ ಮಾಡಿಕೊಡುತ್ತದೆ ಎಂಬುದು ಅವರ ಮಾತಿನ ಸಾರ.

ಆ ಭಯ ಸುಮ್ನೆ ಹುಟ್ಟಿದ್ದಲ್ಲ. 1905ರಲ್ಲಿ ನ್ಯೂಯಾರ್ಕಿನ ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಜಾಸ್ತಿ ದುಡಿಸಬಾರದು ಎಂಬ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ ಇದೇ ‘ಡ್ಯೂ ಪ್ರೋಸೆಸ್’ ಹೆಸರಿನಲ್ಲಿ ಹೊಡೆದುಹಾಕಿತ್ತು. ಮಾಲೀಕ ಮತ್ತು ಕೆಲಸಗಾರ ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಧಕ್ಕೆ ಬರುತ್ತದೆ ಎಂದಿತು. ಅಗಲವಾದ ಮಾತೊಂದು ಸಿಕ್ಕಿದರೆ ನ್ಯಾಯಾಧೀಶರು ಅದರೊಳಗೆ ತಮ್ಮ ಅಭಿಪ್ರಾಯವನ್ನೇ ತುಂಬಿಬಿಡಬಹುದು. ಇಲ್ಲಿ ಜಮೀನ್ದಾರಿ ಹೋಗಬೇಕಿತ್ತು, ಉಳುವವನಿಗೆ ಭೂಮಿ ಸಿಗಬೇಕಿತ್ತು. ಅದಕ್ಕೆಲ್ಲ ಕೋರ್ಟು ಅಡ್ಡ ಬಂದರೆ ಏನು ಗತಿ ಎಂಬ ಚಿಂತೆ ನಮ್ಮವರಿಗೆ ಇತ್ತು. ರಾವ್ ಅವರನ್ನು ನಾನು ತಪ್ಪಿತಸ್ಥರೆಂದು ನೋಡುವುದಿಲ್ಲ. ಅವರು ಜೈಲಿನ ಬಗ್ಗೆ ಯೋಚಿಸುತ್ತಿರಲಿಲ್ಲ, ಜಮೀನಿನ ಬಗ್ಗೆ ಯೋಚಿಸುತ್ತಿದ್ದರು.

ಹೀಗೆ ಹಳೆಯ ಮಾತು ಹೋಯಿತು. ಅದರ ಜಾಗದಲ್ಲಿ ಜಪಾನಿನ ಹೊಸ ಸಂವಿಧಾನದ 31ನೇ ವಿಧಿಯಿಂದ ‘ಕಾನೂನು ಗೊತ್ತುಮಾಡಿದ ಕ್ರಮ’ ಎಂಬ ಮಾತು ಬಂತು. ರಚನಾ ಸಭೆಯಲ್ಲಿ ಇದಕ್ಕೆ ದೊಡ್ಡ ವಿರೋಧ ಎದ್ದಿತು. 1948ರ ಡಿಸೆಂಬರ್‌ನಲ್ಲಿ ಅಂಬೇಡ್ಕರ್ ಕೊಟ್ಟ ಉತ್ತರವನ್ನು ನಾನು ಬಹಳ ಸಲ ಓದಿದ್ದೇನೆ. ಅವರು ಎರಡೂ ಕಡೆಯ ಅಪಾಯವನ್ನು ಮುಚ್ಚಿಡದೆ ಹೇಳುತ್ತಾರೆ. ಒಂದು ಕಡೆ ಪಕ್ಷದವರೇ ತುಂಬಿರುವ ಶಾಸನಸಭೆ, ಅದು ಜನರ ಹಕ್ಕನ್ನೇ ತುಳಿಯುವ ಕಾನೂನು ಮಾಡಬಹುದು. ಇನ್ನೊಂದು ಕಡೆ ಐದಾರು ಮಂದಿ ನ್ಯಾಯಾಧೀಶರು, ಅವರು ತಮ್ಮ ಸ್ವಂತ ಒಲವಿನ ಪ್ರಕಾರ ಕಾನೂನನ್ನು ತೂಗಬಹುದು. ಯಾರನ್ನು ನಂಬುವುದು? ತೀರ್ಮಾನವನ್ನು ಅವರು ಸಭೆಗೇ ಬಿಟ್ಟರು. ಸಭೆ ಹೊಸ ಮಾತನ್ನೇ ಒಪ್ಪಿತು.

ಅಂಬೇಡ್ಕರ್‌ಗೆ ಸಮಾಧಾನ ಇರಲಿಲ್ಲ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅವರು ಇನ್ನೊಂದು ವಿಧಿ ತಂದರು. ಅದೇ ಈಗಿನ 22ನೇ ವಿಧಿ. ಬಂಧಿಸಿದರೆ ಕಾರಣ ಹೇಳಬೇಕು, ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹಿಂದಿನ ವಿಧಿಯಲ್ಲಿ ಕಳೆದುಕೊಂಡದ್ದಕ್ಕೆ ಇದು ಪರಿಹಾರ ಎಂದು ಅವರೇ ಸಭೆಯಲ್ಲಿ ಹೇಳಿದರು.

ಸಂವಿಧಾನ ಜಾರಿಗೆ ಬಂದು ಒಂದು ತಿಂಗಳು ತುಂಬುವ ಹೊತ್ತಿಗೆ ಮುನ್ನೆಚ್ಚರಿಕೆ ಬಂಧನದ ಕಾಯ್ದೆ ಬಂತು. ಅಂದರೆ ತಪ್ಪು ಮಾಡಿದ್ದಕ್ಕೆ ಹಿಡಿಯುವುದಲ್ಲ, ಮುಂದೆ ಮಾಡಬಹುದು ಎಂಬ ಅನುಮಾನದ ಮೇಲೆ ವಿಚಾರಣೆ ಇಲ್ಲದೆ ಒಳಗಿಡುವುದು. ಮಲಬಾರಿನ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ 1947ರ ಡಿಸೆಂಬರ್‌ನಿಂದಲೂ ಬಂಧನದಲ್ಲಿದ್ದರು. 1950ರ ಮಾರ್ಚ್ 1ರಂದು ಮದ್ರಾಸ್ ಸರ್ಕಾರ ಹೊಸ ಕಾಯ್ದೆಯಡಿ ಅವರಿಗೆ ಇನ್ನೊಂದು ಬಂಧನದ ಆದೇಶ ಕೊಟ್ಟಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು.

ಅವರ ಪರ ವಾದಿಸಿದವರು ಎಂ.ಕೆ. ನಂಬಿಯಾರ್. ಮದ್ರಾಸಿಗೆ ಹೋಗುವ ಮುಂಚೆ ಅವರು ವಕೀಲಿ ಮಾಡುತ್ತಿದ್ದದ್ದು ಮಂಗಳೂರಿನಲ್ಲಿ. ‘ಡ್ಯೂ ಪ್ರೋಸೆಸ್’ ಎಂಬ ಮಾತು ಹೋಗಲು ಕಾರಣರಾದವರು ಮಂಗಳೂರಿನಲ್ಲಿ ಹುಟ್ಟಿದ ರಾವ್, ಬದಲಾದ ಮಾತಿನ ವಿರುದ್ಧ ಸೆಣಸಿದ್ದು ಮಂಗಳೂರಿನ ಕೋರ್ಟುಗಳಲ್ಲಿ ಪಳಗಿದ ನಂಬಿಯಾರ್. ಇದನ್ನು ಮೊದಲು ತಿಳಿದಾಗ ನನಗೆ ರೋಮಾಂಚನವಾಯಿತು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಇದು ಯಾಕೆ ಇಲ್ಲ ಎಂದೂ ಅನ್ನಿಸಿತು.

ನಂಬಿಯಾರ್ ವಾದ ಇಷ್ಟು. 21ನೇ ವಿಧಿಯಲ್ಲಿ ‘ಕಾನೂನು’ ಅಂದರೆ ಶಾಸನಸಭೆ ಅಚ್ಚು ಹಾಕಿಸಿದ ಕಾಗದ ಮಾತ್ರ ಅಲ್ಲ, ಸಹಜ ನ್ಯಾಯದ ತತ್ವಗಳೂ ಅದರಲ್ಲಿ ಸೇರುತ್ತವೆ. ಆರು ನ್ಯಾಯಾಧೀಶರ ಪೀಠದಲ್ಲಿ ಹೆಚ್ಚಿನವರು ಒಪ್ಪಲಿಲ್ಲ. 1950ರ ಮೇ 19ರಂದು ತೀರ್ಪು ಬಂತು. ಕಾನೂನು ಅಂದರೆ ಸರ್ಕಾರ ಮಾಡಿದ ಕಾನೂನು, ಕ್ರಮ ಅಂದರೆ ಅದರಲ್ಲಿ ಬರೆದ ಕ್ರಮ. ನ್ಯಾಯಮೂರ್ತಿ ಎಸ್.ಆರ್. ದಾಸ್ ಈ ತರ್ಕವನ್ನು ಕೊನೆಯವರೆಗೂ ಎಳೆದುಕೊಂಡು ಹೋದರು. ನೇಣು ಹಾಕುವ ಶಿಕ್ಷೆಯನ್ನು ಸಂಸತ್ತು ಇಡಬಹುದಾದರೆ ಗುಂಡಿಕ್ಕುವುದನ್ನೂ ಇಡಬಹುದು, ಕುದಿಯುವ ಎಣ್ಣೆಯಲ್ಲಿ ಹಾಕುವುದನ್ನೂ ಇಡಬಹುದು, ಕೋರ್ಟಿಗೆ ಅದು ಹಿಡಿಸದೆ ಇರಬಹುದು, ಆದರೆ ಅದು ಇಲ್ಲಿ ಸಂಬಂಧವಿಲ್ಲದ ವಿಷಯ ಎಂದು ಬರೆದರು. ಅವರು ಕ್ರೂರಿ ಅಲ್ಲ. ವಾಕ್ಯದಲ್ಲಿ ಏನಿದೆಯೋ ಅದಕ್ಕೆ ನಿಷ್ಠರಾಗಿದ್ದರು. ನನಗೆ ಹೆದರಿಕೆ ಹುಟ್ಟಿಸುವುದೂ ಅದೇ. ಪ್ರಾಮಾಣಿಕ ಮನುಷ್ಯನೊಬ್ಬ ಒಂದೊಂದೇ ಹೆಜ್ಜೆ ಸರಿಯಾಗಿ ಇಡುತ್ತ ಎಣ್ಣೆಯ ಕೊಪ್ಪರಿಗೆಯವರೆಗೂ ಹೋಗಿ ನಿಲ್ಲಬಹುದು.

ಆ ಪೀಠದಲ್ಲಿ ಫಜಲ್ ಅಲಿ ಎಂಬ ನ್ಯಾಯಮೂರ್ತಿ ಬೇರೆ ಮಾತು ಬರೆದರು. ಕ್ರಮ ಅಂದಮೇಲೆ ಅದರಲ್ಲಿ ಕನಿಷ್ಠ ನಾಲ್ಕು ಸಂಗತಿ ಇರಲೇಬೇಕು ಎಂದರು. ನೋಟಿಸ್ ಕೊಡಬೇಕು, ಹೇಳಿಕೊಳ್ಳಲು ಅವಕಾಶ ಇರಬೇಕು, ತೀರ್ಪು ಕೊಡುವವರು ಪಕ್ಷಪಾತ ಇಲ್ಲದವರಾಗಿರಬೇಕು, ಎಲ್ಲವೂ ಒಂದು ಶಿಸ್ತಿನಲ್ಲಿ ನಡೆಯಬೇಕು. ಅವರ ಮಾತು ಅಂದು ಸೋತಿತು.

ಗೋಪಾಲನ್ ತೀರ್ಪಿನಲ್ಲಿ ಒಂದು ಚಿಕ್ಕ ಗೆಲುವು ಇದೆ. ಅದರ ಕಡೆ ಜನ ಗಮನ ಕೊಡುವುದು ಕಡಿಮೆ. ನನ್ನ ಮಟ್ಟಿಗೆ ಇಡೀ ವಿಷಯದ ಬೀಗದ ಕೈ ಅಲ್ಲೇ ಇದೆ. ಆ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಯಾವ ಕಾರಣಕ್ಕೆ ಹಿಡಿದರು ಎಂಬುದನ್ನು ಬಂಧಿತ ಕೋರ್ಟಿನಲ್ಲೂ ಹೇಳುವಂತಿರಲಿಲ್ಲ. 22ನೇ ವಿಧಿ ಕಾರಣ ತಿಳಿಸಬೇಕು, ಅದರ ವಿರುದ್ಧ ಮನವಿ ಮಾಡಿಕೊಳ್ಳಲು ಬಿಡಬೇಕು ಎನ್ನುತ್ತದೆ. ಬರೆದದ್ದು ಬರೆದದ್ದೇ ಎಂದು ಕೋರ್ಟು ಆ ಸೆಕ್ಷನನ್ನು ರದ್ದುಮಾಡಿತು. ಅಂದರೆ ಅದೇ ತೀರ್ಪಿನಲ್ಲಿ ಅಕ್ಷರದ ಓದು ಒಂದು ಕಡೆ ಮನುಷ್ಯನನ್ನು ಒಳಗೆ ಉಳಿಸಿತು, ಇನ್ನೊಂದು ಕಡೆ ಅವನ ಬಾಯಿಗೆ ಹಾಕಿದ್ದ ಬೀಗ ತೆಗೆಯಿತು.

ಯಾಕೆ ಹೀಗೆ? ನನಗೆ ಕಾಣುವುದು ಇಷ್ಟು. ಎರಡನೆಯ ಜಾಗದಲ್ಲಿ ಅವರು ಅಕ್ಷರಶಃ ಓದಿದ್ದು ಸರ್ಕಾರದ ಕೈ ಕಟ್ಟುವ ಮಾತನ್ನು. ಮೊದಲನೆಯ ಜಾಗದಲ್ಲಿ ಅಷ್ಟೇ ಬಿಗಿಯಾಗಿ ಓದಿದ್ದು ಮನುಷ್ಯನಿಗೆ ಕೊಟ್ಟ ಹಕ್ಕಿನ ಮಾತನ್ನು. ಇವೆರಡೂ ಒಂದೇ ಕೆಲಸ ಅಲ್ಲ. ಅಧಿಕಾರ ಇರುವವರು ಇಷ್ಟು ಮಾಡಬೇಕು, ಇದಕ್ಕಿಂತ ಹೆಚ್ಚು ಮಾಡಬಾರದು ಎಂದು ಬರೆದಿದ್ದರೆ ಅದನ್ನು ಅಕ್ಷರ ಅಕ್ಷರ ಹಿಡಿದು ಓದಬೇಕು. 24 ಗಂಟೆ ಅಂದರೆ 24 ಗಂಟೆ, ‘ಸುಮಾರು ಒಂದು ದಿನ’ ಅಲ್ಲ. ಆದರೆ ಒಬ್ಬ ಮನುಷ್ಯನಿಗೆ ಏನು ಸಲ್ಲಬೇಕು ಎಂದು ಬರೆದಿದ್ದರೆ, ಅದನ್ನು ಯಾಕೆ ಬರೆದರು ಎಂದು ಕೇಳಿಯೇ ಓದಬೇಕು.

1962ರಲ್ಲಿ ಹರಿಕಿಷನ್ ಎಂಬವರ ಮೊಕದ್ದಮೆ ಬಂತು. ಮಹಾರಾಷ್ಟ್ರದಲ್ಲಿ ಅವರನ್ನು ಮುನ್ನೆಚ್ಚರಿಕೆ ಬಂಧನದಲ್ಲಿ ಇಟ್ಟಿದ್ದರು. ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹಿಂದಿಯಲ್ಲಿ ಕೊಡಿ ಎಂದು ಕೇಳಿದ್ದರು. ಸರ್ಕಾರದ ಲೆಕ್ಕದಲ್ಲಿ ಕಾಗದ ಕೈಗೆ ಕೊಟ್ಟಾಗಿತ್ತು, ಬಾಯಲ್ಲಿ ಹಿಂದಿಯಲ್ಲಿ ವಿವರಿಸಿಯೂ ಆಗಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಾರಣ ತಿಳಿಸಬೇಕು ಅಂದರೆ ಆ ಮನುಷ್ಯ ಅದನ್ನು ಓದಿ, ಅರ್ಥಮಾಡಿಕೊಂಡು, ಉತ್ತರ ಬರೆಯುವ ಹಾಗೆ ಇರಬೇಕು ಎಂದಿತು. ನಮ್ಮ ಹಳ್ಳಿಯೊಬ್ಬನ ಕೈಗೆ ಇಂಗ್ಲಿಷಿನ ಹತ್ತು ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರೆ ಸಾಲದು ಎಂಬುದಕ್ಕೆ ಇವತ್ತಿಗೂ ಈ ತೀರ್ಪು ಆಸರೆ.

ಗೋಪಾಲನ್ ತೀರ್ಪಿನ ಪೂರ್ತಿ ಬೆಲೆ ತೆತ್ತದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್ 26ರಂದು ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಇವರನ್ನು ಇಲ್ಲೇ ಹಿಡಿದು ಬೆಂಗಳೂರು ಸೆಂಟ್ರಲ್ ಜೈಲಿಗೆ ಹಾಕಿದರು. ಅವರು ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನಿನ ಪ್ರಕಾರ ಇದೆಯಾ ಎಂದು ಪ್ರಶ್ನಿಸುವ ಅರ್ಜಿ ಹಾಕಿದರು. ಜೂನ್ 27ರಂದೇ ರಾಷ್ಟ್ರಪತಿಗಳ ಆದೇಶ ಬಂದಿತ್ತು. 14, 21, 22ನೇ ವಿಧಿಗಳ ಹಕ್ಕಿಗಾಗಿ ಯಾರೂ ಯಾವ ಕೋರ್ಟಿಗೂ ಹೋಗುವಂತಿಲ್ಲ ಎಂದು ಅದರಲ್ಲಿತ್ತು. ಆದರೂ ನಮ್ಮ ಹೈಕೋರ್ಟು, ದೇಶದ ಇನ್ನೂ ಹಲವು ಹೈಕೋರ್ಟುಗಳು ಅರ್ಜಿ ಕೇಳಲು ಒಪ್ಪಿದವು. ಬಂಧನದ ಆದೇಶ ಅದಕ್ಕೆ ಬಳಸಿದ ಕಾಯ್ದೆಯ ಪ್ರಕಾರವಾದರೂ ಇದೆಯಾ ಎಂದು ನೋಡಬಹುದಲ್ಲ ಎಂಬುದು ಅವರ ನಿಲುವು.

ಎಲ್ಲವೂ ಸುಪ್ರೀಂ ಕೋರ್ಟಿಗೆ ಹೋದವು. ಜಬಲ್ಪುರ ಪ್ರಕರಣ ಎಂದು ಅದಕ್ಕೆ ಹೆಸರು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಂದ್ರ ಸರ್ಕಾರದ ಪರ ವಾದಿಸುತ್ತಿದ್ದ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಪ್ರಶ್ನೆ ಕೇಳಿದರು. ಪೊಲೀಸ್ ಒಬ್ಬ ವೈಯಕ್ತಿಕ ದ್ವೇಷಕ್ಕೆ ಯಾರನ್ನೋ ಕೊಂದರೆ ಆಗಲೂ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೂ ಇಲ್ಲ, ಇದು ನಿಮ್ಮ ಮನಸ್ಸನ್ನೂ ಕಲಕುತ್ತದೆ, ನನ್ನದನ್ನೂ ಕಲಕುತ್ತದೆ ಎಂಬ ಅರ್ಥದ ಉತ್ತರ ಬಂತು.

1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಾಧೀಶರು ಸರ್ಕಾರದ ಮಾತು ಒಪ್ಪಿದರು. ಸ್ವಾತಂತ್ರ್ಯದ ಹಕ್ಕು ಬರೆದಿರುವುದು 21ನೇ ವಿಧಿಯಲ್ಲಿ, ಅದನ್ನು ಅಮಾನತು ಮಾಡಿ ಆಗಿದೆ, ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲ. ಅವರ ತರ್ಕದ ತಿರುಳು ಇದು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮನುಷ್ಯನ ಜೀವಕ್ಕೆ ಬೆಲೆ ಬಂದಿದ್ದು 1950ರಲ್ಲಿ ಯಾರೋ ಒಂದು ವಾಕ್ಯ ಬರೆದ ಮೇಲೆ ಅಲ್ಲ. ಆ ವಾಕ್ಯಕ್ಕೂ ಮುಂಚೆ ಕಾನೂನಿನ ಬಲವಿಲ್ಲದೆ ಯಾರ ಜೀವವನ್ನೂ ತೆಗೆಯುವ ಹಾಗಿರಲಿಲ್ಲ, ಈಗಲೂ ಇಲ್ಲ ಎಂದು ಬರೆದರು. ಮರುವರ್ಷ ಮುಖ್ಯ ನ್ಯಾಯಮೂರ್ತಿ ಆಗುವ ಸರದಿ ಅವರದಾಗಿತ್ತು. ಅವರನ್ನು ದಾಟಿ ಎಂ.ಎಚ್. ಬೇಗ್ ಅವರನ್ನು ನೇಮಿಸಿದರು. ಖನ್ನಾ ರಾಜೀನಾಮೆ ಕೊಟ್ಟರು.

ಅದೇ ತೀರ್ಪಿನಲ್ಲಿ ಬೇಗ್ ಬರೆದ ಒಂದು ಮಾತಿದೆ. ಬಂಧಿತರಿಗೆ ಊಟ, ವಸತಿ ಎಲ್ಲ ಚೆನ್ನಾಗಿದೆ, ಸರ್ಕಾರ ಅವರನ್ನು ಹೆಚ್ಚುಕಡಿಮೆ ತಾಯಿಯಂತೆ ನೋಡಿಕೊಳ್ಳುತ್ತಿದೆ ಎಂದು. ಅದನ್ನು ಓದಿದಾಗಲೆಲ್ಲ ನನಗೆ ಸ್ನೇಹಲತಾ ರೆಡ್ಡಿ ನೆನಪಾಗುತ್ತಾರೆ. ರಂಗಭೂಮಿ, ಸಿನಿಮಾ ಎರಡರಲ್ಲೂ ದುಡಿದ ಕಲಾವಿದೆ. ತೀರ್ಪು ಬಂದ ಮೇಲೆ, ಅದೇ ಮೇ ತಿಂಗಳಲ್ಲಿ ಅವರನ್ನು ಹಿಡಿದರು. ಬೆಂಗಳೂರಿನ ಜೈಲಿನಲ್ಲಿ ಇಟ್ಟರು. ಅವರಿಗೆ ಅಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು, ಅವರು ತೀರಿಕೊಂಡರು. ಆ ಎಂಟು ತಿಂಗಳು ಅವರ ಪರವಾಗಿ ಕೋರ್ಟಿನ ಬಾಗಿಲು ತಟ್ಟಲು ಒಂದು ವಾಕ್ಯದ ಓದು ಅಡ್ಡ ನಿಂತಿತ್ತು. ನನಗೆ ಸಿಟ್ಟು ಬರುತ್ತದೆ. ಐವತ್ತು ವರ್ಷ ಆದಮೇಲೂ ಬರುತ್ತದೆ.

ಮುಂದಿನದು ಬೇಗ ಹೇಳಿಬಿಡುತ್ತೇನೆ. 1978ರ ಜನವರಿ 25ರಂದು ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಪ್ರಕರಣದಲ್ಲಿ ಏಳು ನ್ಯಾಯಾಧೀಶರ ಪೀಠ ಗೋಪಾಲನ್ ಓದನ್ನು ಕೈಬಿಟ್ಟಿತು. ಕ್ರಮ ಅಂದರೆ ನ್ಯಾಯವಾದ, ಸರಿಯಾದ, ಸಮಂಜಸವಾದ ಕ್ರಮ. ಫಜಲ್ ಅಲಿ 28 ವರ್ಷ ಮುಂಚೆ ಹೇಳಿದ್ದು ಹೀಗೆ ಹಿಂತಿರುಗಿ ಬಂತು. ಅದರಿಂದ ಒಂದೊಂದೇ ಬಾಗಿಲು ತೆರೆಯಿತು. ಸಿಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಗೆ ಕಾದುಕೊಂಡು ಬಿಹಾರದ ಜೈಲುಗಳಲ್ಲಿದ್ದ ಬಡವರು 1979ರಲ್ಲಿ ಹೊರಗೆ ಬಂದರು. ಬೇಗ ವಿಚಾರಣೆ ಆಗಬೇಕು ಎಂಬ ಮಾತು 21ನೇ ವಿಧಿಯಲ್ಲಿ ಬರೆದಿಲ್ಲ. ಆದರೂ ಅದು ಅಲ್ಲಿದೆ ಎಂದು ಕೋರ್ಟು ಓದಿತು.

ಖಾಸಗಿತನದ ಮಾತೂ ಅಲ್ಲಿ ಬರೆದಿಲ್ಲ. 1954ರಲ್ಲಿ, ಮತ್ತೆ 1962ರಲ್ಲಿ ಅಂಥ ಹಕ್ಕು ಸಂವಿಧಾನದಲ್ಲಿ ಇಲ್ಲ ಎಂಬಂತೆ ಸುಪ್ರೀಂ ಕೋರ್ಟ್ ಹೇಳಿತ್ತು. 2012ರಲ್ಲಿ ಬೆಂಗಳೂರಿನ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಅರ್ಜಿ ಹಾಕಿದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆಗ ಅವರ ವಯಸ್ಸು 86. ಅಷ್ಟು ವಯಸ್ಸಿನಲ್ಲಿ ಮನೆಯಲ್ಲಿ ಆರಾಮಾಗಿ ಇರಬಹುದಾಗಿದ್ದ ಒಬ್ಬರು ದೇಶದ ಮುಂದೆ ಈ ಪ್ರಶ್ನೆ ಇಟ್ಟರು. ಸಂವಿಧಾನದಲ್ಲಿ ಎಲ್ಲಿದೆ ತೋರಿಸಿ ಎಂಬುದು ಸರ್ಕಾರದ ವಾದದ ಬುನಾದಿಯಾಗಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರೂ ಒಮ್ಮತದಿಂದ ಹಕ್ಕು ಇದೆ ಎಂದರು. ಜಬಲ್ಪುರದ ತೀರ್ಪನ್ನು ಅಂದೇ ಬಾಯಿಬಿಟ್ಟು ತಳ್ಳಿಹಾಕಿದರು. 1976ರ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡರ ಮಗ ಡಿ.ವೈ. ಚಂದ್ರಚೂಡ್ ಆ ಸಾಲುಗಳನ್ನು ಬರೆದರು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ನಮ್ಮಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ನಮ್ಮೂರಿನ ಕೋರ್ಟಿನಲ್ಲಿ ವಕೀಲನಾಗಿರುವ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ಒಂದು ಮಾತು ಹೇಳಿದ. “ನಿನಗೆ ಇಷ್ಟವಾದ ತೀರ್ಪು ಬಂದಾಗ ಉದ್ದೇಶ ನೋಡಿ ಓದಿದರು ಅಂತೀಯ. ನಾಳೆ ಜಡ್ಜುಗಳು ತಮಗೆ ಬೇಕಾದ ಹಾಗೆ ಓದಿದರೆ ಯಾರು ಕೇಳೋರು?” ಇದು ಫ್ರಾಂಕ್‌ಫರ್ಟರ್ ಹೇಳಿದ ಮಾತೇ. ಇದನ್ನು ತಳ್ಳಿಹಾಕಲು ಬರುವುದಿಲ್ಲ, ಯಾಕೆಂದರೆ ನಮ್ಮಲ್ಲಿ ಹಾಗೆ ಆಗಿದೆ. ನ್ಯಾಯಾಧೀಶರನ್ನು ರಾಷ್ಟ್ರಪತಿಗಳು ಮುಖ್ಯ ನ್ಯಾಯಮೂರ್ತಿಯ ಜೊತೆ ಸಮಾಲೋಚಿಸಿ ನೇಮಿಸಬೇಕು ಎಂದು ಸಂವಿಧಾನ ಹೇಳುತ್ತದೆ. ಸಮಾಲೋಚನೆ ಅಂದರೆ ಒಪ್ಪಿಗೆ ಅಲ್ಲ ಎಂದು 1981ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1993ರಲ್ಲಿ ಅದೇ ಕೋರ್ಟು ಹಾಗಲ್ಲ, ನ್ಯಾಯಾಂಗದ ಮಾತೇ ಮೇಲು ಎಂದು ಓದಿತು. ಹಿರಿಯ ನ್ಯಾಯಾಧೀಶರೇ ಹೊಸ ನ್ಯಾಯಾಧೀಶರನ್ನು ಆರಿಸುವ ಕೊಲೀಜಿಯಂ ಬಂದದ್ದು ಆ ಓದಿನಿಂದ. ಅಲ್ಲಿ ಪದ ಹಿಗ್ಗಿದ್ದು ಯಾರೋ ಬಡವನಿಗಾಗಿ ಅಲ್ಲ. ಓದುತ್ತಿದ್ದವರಿಗೇ ಅಧಿಕಾರ ಬಂತು. ಸರ್ಕಾರದ ಕೈಗೆ ನೇಮಕ ಕೊಟ್ಟರೆ ಅಪಾಯ ಎಂಬ ಅವರ ಭಯ ನನಗೆ ಅರ್ಥವಾಗುತ್ತದೆ. ಖನ್ನಾ ಅವರಿಗೆ ಆದದ್ದನ್ನು ಕಂಡವರಿಗೆ ಆ ಭಯ ಸಹಜ. ಆದರೂ ಆ ಓದನ್ನು ನಾನು ಒಪ್ಪಲಾರೆ. ತಮಗೆ ಸಿಗುವ ಅಧಿಕಾರದ ಮಾತನ್ನು ಎಲ್ಲರಿಗಿಂತ ಬಿಗಿಯಾಗಿ ಓದಬೇಕಾದವರು ನ್ಯಾಯಾಧೀಶರು.

ಅಕ್ಷರಶಃ ಓದಿದ್ದೇವೆ ಎಂದು ಹೇಳಿಕೊಳ್ಳುವವರು ನಿಜವಾಗಿ ಅಕ್ಷರವನ್ನು ಓದಿದ್ದಾರಾ ಎಂಬ ಪ್ರಶ್ನೆಯನ್ನೂ ಕೇಳಬೇಕು. 2021ರ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠದಿಂದ ಬಂದ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾಯ್ದೆ) ತೀರ್ಪು ನಿಮಗೆ ನೆನಪಿರಬಹುದು. ಹನ್ನೆರಡು ವರ್ಷದ ಹುಡುಗಿ. ಬಟ್ಟೆಯ ಮೇಲಿಂದ ಮುಟ್ಟಿದ್ದು ‘ದೈಹಿಕ ಸಂಪರ್ಕ’ ಆಗುವುದಿಲ್ಲ, ಚರ್ಮಕ್ಕೆ ಚರ್ಮ ತಾಗಬೇಕು ಎಂದು ಆ ಪೀಠ ಹೇಳಿ ಪೋಕ್ಸೊ ಶಿಕ್ಷೆ ತೆಗೆದುಹಾಕಿತು. ಪೋಕ್ಸೊ ಪ್ರಕಾರ ಕನಿಷ್ಠ ಮೂರು ವರ್ಷ ಆಗಬೇಕಿದ್ದದ್ದು ಐಪಿಸಿ 354ರಡಿ ಒಂದು ವರ್ಷಕ್ಕೆ ಇಳಿಯಿತು. ಎಷ್ಟೋ ಜನ ಇದನ್ನು ‘ಕಾನೂನನ್ನು ಅಕ್ಷರಶಃ ಓದಿದ್ದರಿಂದ ಹೀಗಾಯಿತು’ ಎಂದರು. ನಾನು ಆ 7ನೇ ಸೆಕ್ಷನ್ ತೆಗೆದು ಓದಿದೆ. ಅಲ್ಲಿ ಚರ್ಮ ಎಂಬ ಮಾತೇ ಇಲ್ಲ. ಬಟ್ಟೆ ಎಂಬ ಮಾತೂ ಇಲ್ಲ. ಇರುವುದು ಲೈಂಗಿಕ ಉದ್ದೇಶ, ಮುಟ್ಟುವುದು, ದೈಹಿಕ ಸಂಪರ್ಕ. ಶಾಸನದಲ್ಲಿ ಇಲ್ಲದ ಪದವನ್ನು ತಂದು ಸೇರಿಸಿದ ಮೇಲೆ ಅದು ಅಕ್ಷರದ ಓದು ಹೇಗಾಗುತ್ತದೆ?

ಕ್ರಿಮಿನಲ್ ಕಾನೂನನ್ನು ಆರೋಪಿಯ ಕಡೆಗೆ ವಾಲಿ ಬಿಗಿಯಾಗಿ ಓದಬೇಕು ಎಂಬ ಹಳೆಯ ನಿಯಮ ಇದೆ. ಅದು ಒಳ್ಳೆಯ ನಿಯಮ. ಆರೋಪಿಯ ಎದುರಿಗೆ ಇರುವುದು ಸರ್ಕಾರದ ಇಡೀ ಬಲ. ಆದರೆ ಆ ನಿಯಮ ಇರುವುದು ಪದದಲ್ಲಿ ನಿಜವಾದ ಗೊಂದಲ ಇದ್ದಾಗ. ಇಲ್ಲಿ ಗೊಂದಲ ಇರಲಿಲ್ಲ. ಈ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್. ಹೀಗೆ ಓದಿದರೆ ಕೈಗವಸು ಹಾಕಿಕೊಂಡು ಮಗುವನ್ನು ಮುಟ್ಟಿದವನು ತಪ್ಪಿಸಿಕೊಳ್ಳುತ್ತಾನೆ ಎಂದು ಅವರು ವಾದಿಸಿದರು. ನವೆಂಬರ್ 18ರಂದು ಮೂವರು ನ್ಯಾಯಾಧೀಶರ ಪೀಠ ಆ ತೀರ್ಪನ್ನು ರದ್ದುಮಾಡಿತು. ಮುಖ್ಯವಾದದ್ದು ಉದ್ದೇಶ, ಚರ್ಮ ಅಲ್ಲ ಎಂದಿತು. ವೇಣುಗೋಪಾಲ್ ಬೇರೆ ಯಾರೂ ಅಲ್ಲ, ಗೋಪಾಲನ್ ಪರ ವಾದಿಸಿದ ನಂಬಿಯಾರರ ಮಗ. 2017ರಲ್ಲಿ ಪುಟ್ಟಸ್ವಾಮಿಯವರ ವಿರುದ್ಧ, ಸರ್ಕಾರದ ಪರವಾಗಿ ನಿಂತಿದ್ದವರೂ ಅವರೇ. ವಕೀಲರ ಕಸುಬು ಹಾಗೆ. ಆದರೆ ಅಪ್ಪ 1950ರಲ್ಲಿ ಎತ್ತಿದ ಪ್ರಶ್ನೆಯನ್ನು ಮಗ ಒಂದು ಮಗುವಿನ ಪರವಾಗಿ ಎತ್ತಿದ್ದು ನನಗೆ ಸಂತೋಷ ಕೊಟ್ಟಿತು.

ಇದೆಲ್ಲ ದೆಹಲಿಯ ವಿಷಯ ಅಂದುಕೊಳ್ಳಬೇಡಿ. ಯಾವುದಾದರೂ ತಾಲ್ಲೂಕು ಕಚೇರಿಯ ಮುಂದೆ ಒಂದು ಬೆಳಗ್ಗೆ ನಿಂತು ನೋಡಿ. ಪಹಣಿಯಲ್ಲಿ ‘ಸಿದ್ದಮ್ಮ’, ಆಧಾರ್‌ನಲ್ಲಿ ‘ಸಿದ್ಧಮ್ಮ’. ಮಹಾಪ್ರಾಣದ ಒಂದು ಗೆರೆ. ‘ಹೆಸರು ಮ್ಯಾಚ್ ಆಗ್ತಿಲ್ಲ ಅಜ್ಜಿ, ಅಫಿಡವಿಟ್ ಮಾಡಿಸ್ಕೊಂಡು ಬನ್ನಿ’ ಎನ್ನುತ್ತಾರೆ. ಇಬ್ಬರೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಬರೆಸಿ, ನೋಟರಿ ಮಾಡಿಸಿ, ಮತ್ತೆ ಸರದಿಯಲ್ಲಿ ನಿಲ್ಲಬೇಕು. ಆ ಗೆರೆಯನ್ನು ಬಿಟ್ಟದ್ದು ಅಜ್ಜಿ ಅಲ್ಲ, ಯಾವುದೋ ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಿದವರು. ಎದುರಿಗೆ ನಿಂತಿರುವ ಮನುಷ್ಯರನ್ನು ಕಣ್ಣೆತ್ತಿ ನೋಡಿದರೆ ಗೊತ್ತಾಗುವ ಸತ್ಯವನ್ನು ಕಾಗದ ಒಪ್ಪುತ್ತಿಲ್ಲ ಎಂದು ಆರು ತಿಂಗಳ ಪಿಂಚಣಿ ನಿಂತುಹೋಗುತ್ತದೆ. ಅದೇ ಕಚೇರಿಯ ಗೋಡೆಯ ಮೇಲೆ ಇಂತಿಷ್ಟು ದಿನದಲ್ಲಿ ಸೇವೆ ಕೊಡಬೇಕು ಎಂಬ ಸಕಾಲದ ಬೋರ್ಡು ಇರುತ್ತದೆ. ಅಜ್ಜಿಯ ಹೆಸರನ್ನು ಓದುವಷ್ಟು ಬಿಗಿಯಾಗಿ ಆ ಬೋರ್ಡನ್ನೂ ಓದಲಿ ಎಂದು ನಾನು ಕೇಳುತ್ತೇನೆ.

ಕೊನೆಯದಾಗಿ ಒಂದು ಸಂಗತಿ ಹೇಳಲೇಬೇಕು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಜನತಾ ಸರ್ಕಾರ 44ನೇ ತಿದ್ದುಪಡಿ ತಂದಿತು. 20 ಮತ್ತು 21ನೇ ವಿಧಿಯ ಹಕ್ಕನ್ನು ಇನ್ನು ಮುಂದೆ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವ ಹಾಗಿಲ್ಲ ಎಂದು ಬರೆದರು. ಅದು ಜಾರಿಗೆ ಬಂತು. ಅದೇ ತಿದ್ದುಪಡಿಯ 3ನೇ ಸೆಕ್ಷನ್ ಮುನ್ನೆಚ್ಚರಿಕೆ ಬಂಧನದ ಬಗ್ಗೆ. ಈಗ, ಬಂಧನಕ್ಕೆ ಸಾಕಷ್ಟು ಕಾರಣ ಇದೆಯಾ ಎಂದು ನೋಡುವ ಸಲಹಾ ಮಂಡಳಿಯ ಒಪ್ಪಿಗೆ ಇಲ್ಲದೆ ಮೂರು ತಿಂಗಳು ಒಬ್ಬರನ್ನು ಒಳಗಿಡಬಹುದು. ಅದನ್ನು ಎರಡು ತಿಂಗಳಿಗೆ ಇಳಿಸಬೇಕು, ಆ ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕು ಎಂದು ಅದರಲ್ಲಿದೆ. ಸಂಸತ್ತು ಒಪ್ಪಿತು, 1979ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಯಾವ ದಿನದಿಂದ ಜಾರಿ ಎಂಬುದನ್ನು ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೇಳಬಹುದು ಎಂದು ಕಾಯ್ದೆಯಲ್ಲಿ ಬರೆದಿತ್ತು.

ಯಾವ ಸರ್ಕಾರವೂ ಆ ದಿನ ಹೇಳಲಿಲ್ಲ. ಧನಬಾದಿನ ಸಂಸದ ಎ.ಕೆ. ರಾಯ್ ರಾಷ್ಟ್ರೀಯ ಭದ್ರತಾ ಕಾನೂನಿನಡಿ ಬಂಧನದಲ್ಲಿದ್ದಾಗ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಎತ್ತಿದರು. ದಿನ ಗೊತ್ತುಮಾಡುವುದನ್ನು ಸರ್ಕಾರಕ್ಕೆ ಬಿಟ್ಟಿದ್ದಾರೆ, ಮಾಡು ಎಂದು ನಾವು ಆದೇಶ ಕೊಡಲಾಗದು ಎಂದು 1981ರ ಡಿಸೆಂಬರ್‌ನಲ್ಲಿ ಬಹುಮತದ ತೀರ್ಪು ಬಂತು. ಇಬ್ಬರು ನ್ಯಾಯಾಧೀಶರು ಆ ಮಾತನ್ನು ಒಪ್ಪಲಿಲ್ಲ. ಸಂವಿಧಾನದ ಅಧಿಕೃತ ಪ್ರತಿಯಲ್ಲಿ 22ನೇ ವಿಧಿಯ ಪುಟ ತೆಗೆದು ನೋಡಿ. ಸಂಸತ್ತು ಒಪ್ಪಿದ ಆ ಸಾಲುಗಳು ಇವತ್ತಿಗೂ ಅಡಿಟಿಪ್ಪಣಿಯಲ್ಲೇ ಇವೆ. ನಮ್ಮ ರಾಜ್ಯದಲ್ಲಿ 1985ರ ಗೂಂಡಾ ಕಾಯ್ದೆಯಡಿ ಒಬ್ಬರನ್ನು ವಿಚಾರಣೆ ಇಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಆ ಸಾಲುಗಳು ಜಾರಿಯಾದರೆ ಅಂಥವರಿಗೂ ಅದರ ರಕ್ಷಣೆ ಸಿಗುತ್ತದೆ. ಅದಕ್ಕೆ ಹೊಸ ಕಾನೂನು ಬೇಡ, ಹೊಸ ತಿದ್ದುಪಡಿ ಬೇಡ, ಸಂಸತ್ತಿನಲ್ಲಿ ಮತ ಬೇಡ. ಒಂದು ದಿನಾಂಕ ಬರೆದು ಗೆಜೆಟ್‌ನಲ್ಲಿ ಪ್ರಕಟಿಸಿದರೆ ಸಾಕು. ಮುಂದಿನ ಚುನಾವಣೆಯಲ್ಲಿ ನಿಮ್ಮ ಮನೆಗೆ ಮತ ಕೇಳಿಕೊಂಡು ಬರುವ ಲೋಕಸಭಾ ಅಭ್ಯರ್ಥಿಗೆ ಈ ಪ್ರಶ್ನೆ ಕೇಳಿ. ನಾನೂ ಕೇಳುತ್ತೇನೆ.